ಅಂಥ ಟೀಚರ್ ಈ ಮನೆಯಲ್ಲಿಲ್ಲ

ಮನೆ ಸಾಲಕ್ಕೆ ನಾನು ಕಂಪ್ಯೂಟರಿನಲ್ಲಿ ಅರ್ಜಿ ಹಾಕಿದ್ದು ಅತ್ತೆಯ ಬಾಯಿಗೆ ಹೆದರಿ. ಈಗ ಹೇಳಿದರೆ ಎಲ್ಲರೂ ನಗುತ್ತಾರೆ. ನಗಲಿ ಬಿಡಿ, ನಡೆದದ್ದು ಹಾಗೆಯೇ.

ಆಗ ನಾವು ಊಟಿ ಬೆಟ್ಟದ ಕೆಳಗಿನ ಮಸಿನಗುಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಅಲ್ಲಿಯ ಶಾಲೆಯಲ್ಲಿ ಟೀಚರ್, ನನ್ನ ಗಂಡನಿಗೆ ವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಕೆಲಸ. ಮನೆಯ ಮುಂದಿನ ಕೋಣೆಯೇ ಅತ್ತೆಯ ಅಂಗಡಿ. ವೀಳ್ಯದೆಲೆ, ಬಾಳೆಹಣ್ಣು, ಸೋಡಾ, ಬೀಡಿ, ಒಂದು ಟೆಲಿಫೋನು. ಎದುರಿಗೆ ಜೀಪ್ ಸ್ಟ್ಯಾಂಡ್. ಗುಂಡ್ಲುಪೇಟೆ ಕಡೆಯಿಂದ ಸೊಸೆಯಾಗಿ ಬಂದ ಅತ್ತೆ ನಲವತ್ತು ವರ್ಷದಿಂದ ಅಲ್ಲೇ ಕೂತು ಊರಿನ ಸುದ್ದಿಯನ್ನೆಲ್ಲ ಎಲೆ ಅಡಿಕೆಯ ಜೊತೆಗೇ ಮಡಚಿ ಕೊಡುತ್ತಿದ್ದರು. ಯಾರ ಹಸು ಕರು ಹಾಕಿತು, ಯಾರ ಮಗಳನ್ನು ನೋಡಲು ಗೂಡಲೂರಿನಿಂದ ಗಂಡು ಬಂದಿತ್ತು, ಯಾವ ರೆಸಾರ್ಟಿನ ಅಡುಗೆಯವನು ಹೇಳದೆ ಕೇಳದೆ ಓಡಿಹೋದ, ಎಲ್ಲವೂ. ಬೆಳಿಗ್ಗೆ ಅವರು ಹೇಳಿದ್ದು ಮಧ್ಯಾಹ್ನದೊಳಗೆ ಜೀಪು ಹತ್ತಿ ಸುತ್ತಲಿನ ಊರುಗಳಿಗೆಲ್ಲ ತಲುಪುತ್ತಿತ್ತು.

ಪಕ್ಕದ ಮಾವನಲ್ಲ ಎಂಬ ಊರಿನಲ್ಲಿ ಒಬ್ಬ ಅಜ್ಜಿಯ ಮನೆ ಮಾರಾಟಕ್ಕಿತ್ತು. ಎರಡು ಕೋಣೆ, ಹಂಚಿನ ಮಾಡು, ನಾಲ್ಕು ನಿಂಬೆ ಗಿಡ, ಬೇಸಿಗೆಯಲ್ಲೂ ಬತ್ತದ ಬಾವಿ. ನಾನು ಅವಳ ಮೊಮ್ಮಗಳಿಗೆ ಪಾಠ ಹೇಳಿದ್ದೆ. ಆ ಸಲಿಗೆಯಿಂದ ಅವಳೇ ನನ್ನನ್ನು ಕರೆಸಿ, "ಟೀಚರಮ್ಮ, ನಿಂಗೇ ಕೊಡ್ತೀನಿ. ಆದ್ರೆ ಕಾಗದ ಆಗೋಗಂಟ ಯಾರ ಮುಂದೂ ಉಸ್ರು ಬುಡಬ್ಯಾಡ" ಎಂದಳು. ಆ ವರ್ಷಗಳಲ್ಲಿ ರೆಸಾರ್ಟಿನ ಬ್ರೋಕರ್‌ಗಳು ನಮ್ಮ ಕಡೆ ಒಂದು ತುಂಡು ನೆಲವನ್ನೂ ಬಿಡುತ್ತಿರಲಿಲ್ಲ. ಅವರ ಕಿವಿಗೆ ಬಿದ್ದರೆ ಅಜ್ಜಿಯ ಅಳಿಯನಿಗೆ ಎರಡರಷ್ಟು ದುಡ್ಡಿನ ಆಸೆ ತೋರಿಸುತ್ತಾರೆ, ಅವನು ಅಜ್ಜಿಯ ತಲೆ ತಿನ್ನುತ್ತಾನೆ, ಮನೆ ನಮ್ಮ ಕೈ ತಪ್ಪುತ್ತದೆ. ನನಗೋ ಆ ಮನೆ ಬೇಕೇ ಬೇಕಾಗಿತ್ತು. ಹನ್ನೆರಡು ವರ್ಷ ಬಾಡಿಗೆ ಗೋಡೆಗೆ ಒಂದು ಮೊಳೆ ಹೊಡೆಯಲೂ ಅಪ್ಪಣೆ ಕೇಳಿ ಸಾಕಾಗಿತ್ತು. ರಾತ್ರಿ ಹೊತ್ತು ಆ ನಿಂಬೆ ಗಿಡಗಳನ್ನು ನೆನೆಸಿಕೊಂಡೇ ನಿದ್ದೆ ಹೋಗುತ್ತಿದ್ದೆ.

"ಅಮ್ಮಂಗೆ ಹೇಳೋದು ಒಂದೇ, ಜೀಪ್ ಸ್ಟ್ಯಾಂಡಲ್ಲಿ ಮೈಕ್ ಕಟ್ಟೋದು ಒಂದೇ" ಎಂದರು ನನ್ನ ಗಂಡ. ಊರಿನ ಬ್ಯಾಂಕಿಗೆ ಕಾಲಿಟ್ಟರೂ ಕಷ್ಟ, ಅಲ್ಲಿಯ ಗುಮಾಸ್ತ ದಿನಾ ಅತ್ತೆಯ ಅಂಗಡಿಯಲ್ಲೇ ಎಲೆ ಹಾಕುತ್ತಿದ್ದ. ಕೊಯಮತ್ತೂರಿನ ಒಂದು ಸಾಲದ ಕಂಪನಿ ಇಂಟರ್ನೆಟ್ಟಿನಲ್ಲೇ ಅರ್ಜಿ ತೆಗೆದುಕೊಳ್ಳುತ್ತದೆ ಎಂದು ಪೇಪರಿನಲ್ಲಿ ನೋಡಿದ್ದೆವು. ಒಂದು ಶನಿವಾರ ಅತ್ತೆಯ ಹತ್ತಿರ ನನಗೆ ಹಲ್ಲುನೋವು ಎಂದು ಹೇಳಿ ಕಲ್ಲಟ್ಟಿ ಘಾಟಿನ ಬಸ್ಸು ಹತ್ತಿ ಊಟಿಗೆ ಹೋದೆ. ಆ ಸುಳ್ಳಿಗೆ ತಕ್ಕಂತೆ ಮೂವತ್ತಾರು ತಿರುವಿನಲ್ಲೂ ಕೆನ್ನೆಗೆ ಕೈ ಹಿಡಿದುಕೊಂಡೇ ಕೂತಿದ್ದೆ.

ಮಾರ್ಕೆಟ್ ಹತ್ತಿರದ ಮಹಡಿಯ ಮೇಲೆ ಒಂದು ಬ್ರೌಸಿಂಗ್ ಸೆಂಟರ್. ಅದನ್ನು ನಡೆಸುತ್ತಿದ್ದವರು ತಂತಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ತಮಿಳರು. ಕುತ್ತಿಗೆಗೆ ಮಫ್ಲರ್, ಮೂಗಿನ ತುದಿಗೆ ಕನ್ನಡಕ. ನನಗೆ ಆಗ ಒಂದೇ ಬೆರಳಿನ ಟೈಪಿಂಗ್. ಅದರ ಜೊತೆಗೆ, ಬೋರ್ಡಿನ ಮೇಲೆ ಬರೆಯುವುದನ್ನೆಲ್ಲ ಗಟ್ಟಿಯಾಗಿ ಹೇಳಿಕೊಂಡೇ ಬರೆಯುವ ಟೀಚರ್ ಚಾಳಿ. ಹುಟ್ಟಿದ ದಿನ, ಸಂಬಳ, ಪ್ಯಾನ್ ನಂಬರ್, ಒಂದೊಂದೇ ಅಕ್ಷರವನ್ನು ಮೂರನೇ ಕ್ಲಾಸಿಗೆ ಉಕ್ತಲೇಖನ ಕೊಟ್ಟ ಹಾಗೆ ಕೂಗುತ್ತಾ ಒತ್ತುತ್ತಿದ್ದೆ. ಅಕ್ಕಪಕ್ಕದ ನಾಲ್ಕು ಜನ ಕುತ್ತಿಗೆ ತಿರುಗಿಸಿ ನೋಡುತ್ತಿದ್ದರು. ಪಾಸ್‌ವರ್ಡಿನ ಮೂರನೇ ಅಕ್ಷರಕ್ಕೆ ಬಂದಾಗ ಆ ಯಜಮಾನರು ಸ್ಕೇಲಿನಿಂದ ಮೇಜಿಗೆ ಟಪ್ಪನೆ ಬಡಿದರು.

"ವೇಂಡಾಂ, ಬೇಡ ಟೀಚರ್! ಬಾಯಿ ಮುಚ್ಚಿ ಟೈಪ್ ಮಾಡಿ" ಎಂದರು.

ಅಯ್ಯೋ, ನನ್ನ ಮುಖ ಕೆಂಡ ಆಯಿತು. ಮಕ್ಕಳಿಗೆ ದಿನಾ ನಾನು ಹೇಳುವ ಮಾತನ್ನು ನನಗೇ ಹೇಳಿಬಿಟ್ಟರಲ್ಲ! ಅವರೋ ಏನೂ ಆಗದವರಂತೆ ನನ್ನನ್ನು ಎಬ್ಬಿಸಿ ಮೂಲೆಯ ಕಂಪ್ಯೂಟರಿಗೆ ಕೂರಿಸಿದರು. ನೀವೇ ತುಂಬಿಸಿಕೊಡಿ ಎಂದು ಕೇಳಿಕೊಂಡರೆ ಒಪ್ಪಲಿಲ್ಲ. ನಾನು ಪಾಸ್‌ವರ್ಡ್ ಒತ್ತುವಾಗ ಗೋಡೆಯ ಕಡೆ ತಿರುಗಿ ನಿಂತರು. ಅವರಿಗೆ ಕನ್ನಡ ಅರ್ಧ, ನನಗೆ ತಮಿಳು ಮುಕ್ಕಾಲು, ಮಾತು ಹೇಗೋ ಸಾಗಿತು. ಮೂವತ್ತು ವರ್ಷ ಜನರ ಸಾವು, ಹೆರಿಗೆ, ಮದುವೆ ಎಲ್ಲವನ್ನೂ ತಂತಿಯಲ್ಲಿ ಕಳಿಸಿದ್ದೇನೆ, ನನ್ನ ಹೆಂಡತಿಗೂ ಒಂದನ್ನು ಹೇಳಿಲ್ಲ ಎಂದರು. ನನಗೆ ತಕ್ಷಣ ಅತ್ತೆಯ ನೆನಪಾಯಿತು. ಆ ಹೆಂಡತಿಯ ಬಗ್ಗೆ ಸ್ವಲ್ಪ ಕನಿಕರವೂ ಆಯಿತು.

ಹೊರಡುವ ಮೊದಲು ಇನ್ನೊಂದು ಪಾಠ ಮಾಡಿದರು. ಅಂಚೆಯಲ್ಲಿ ಕಳಿಸಬೇಕಾದ ಝೆರಾಕ್ಸ್ ಪ್ರತಿಗಳ ಮೇಲೆ ಅಡ್ಡ ಗೆರೆ ಎಳೆಸಿ, ಇದು ಯಾವ ಕೆಲಸಕ್ಕೆ ಎಂದು ಬರೆದು ಸಹಿ ಹಾಕಿಸಿದರು. ಹಾಗೆ ಬರೆದರೆ ಆ ಕಾಗದವನ್ನು ಇನ್ನೊಬ್ಬರು ಬೇರೆ ಯಾವುದಕ್ಕೂ ಬಳಸಲು ಆಗುವುದಿಲ್ಲವಂತೆ. ನಾನು ಪ್ರತಿಯೊಂದರ ಮೇಲೂ ಮುದ್ದಾಗಿ ಕನ್ನಡದಲ್ಲಿ "ಮಾವನಲ್ಲದ ಮನೆ ಸಾಲಕ್ಕೆ ಮಾತ್ರ" ಎಂದು ಬರೆದು, ಕೆಳಗೆ ತಮಿಳಿನಲ್ಲೂ ಬರೆದೆ. ಅವರು ಕಂಪ್ಯೂಟರಿನಲ್ಲಿ ಉಳಿದದ್ದನ್ನೆಲ್ಲ ನನ್ನ ಕಣ್ಣೆದುರೇ ಅಳಿಸಿ, ಕೆಟ್ಟುಹೋದ ಪ್ರಿಂಟುಗಳನ್ನು ನನ್ನ ಕೈಗೇ ಕೊಟ್ಟು ಕಳಿಸಿದರು.

ಒಂದೇ ಒಂದು ಕಡೆ ಸಿಕ್ಕಿಬಿದ್ದಿದ್ದೆ. ಫೋನ್ ನಂಬರ್ ಕೊಡದೆ ಅರ್ಜಿ ಮುಂದಕ್ಕೆ ಹೋಗಲಿಲ್ಲ. ಮೊಬೈಲ್ ನಮ್ಮೂರಲ್ಲಿ ಸರಿಯಾಗಿ ಸಿಗುತ್ತಿರಲಿಲ್ಲ, ಹಾಗಾಗಿ ಅಂಗಡಿಯ ನಂಬರನ್ನೇ ಕೊಟ್ಟು, ಸಂಜೆ ನಾಲ್ಕರ ಮೇಲೆ ಮಾತ್ರ ಮಾಡಿ ಎಂದು ಬರೆದಿದ್ದೆ. ಅಲ್ಲಿಂದ ಮುಂದೆ ದಿನಾ ಸ್ಕೂಲು ಬಿಟ್ಟೊಡನೆ ಓಡಿಬಂದು ಫೋನಿನ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಅತ್ತೆ ನನ್ನನ್ನೂ ನೋಡುವರು, ಫೋನನ್ನೂ ನೋಡುವರು, ಏನೂ ಕೇಳರು. ಮೂರು ವಾರವಾದರೂ ಫೋನ್ ಬರಲಿಲ್ಲ.

ನಾಲ್ಕನೇ ವಾರ ಮತ್ತೆ ಹಲ್ಲುನೋವು. ಊಟಿಯಲ್ಲಿ ಅರ್ಜಿ ತೆರೆದು ನೋಡಿದರೆ, ಕೊಟ್ಟ ಫೋನ್ ನಂಬರಿನಲ್ಲಿ ಅರ್ಜಿದಾರರಿಲ್ಲ ಎಂದು ಬರೆದಿತ್ತು. ತಂತಿ ಯಜಮಾನರು ಕಂಪನಿಯ ಸೈಟಿನಲ್ಲಿದ್ದ ನಂಬರನ್ನೇ ಹುಡುಕಿ ಫೋನ್ ಮಾಡಿಕೊಟ್ಟರು. ಆ ಕಡೆಯ ಅಧಿಕಾರಿ ಬೇಸರದಿಂದ ಹೇಳಿದ: "ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದ್ದೆ ಮೇಡಂ. ಯಾರೋ ಅಜ್ಜಿ ತೆಗೆದು, ಅಂಥ ಟೀಚರ್ ಈ ಮನೆಯಲ್ಲಿಲ್ಲ ಅಂದರು. ಇನ್ನೊಮ್ಮೆ ಕೇಳಿದ್ದಕ್ಕೆ ನನ್ನ ವಂಶವನ್ನೇ ಜಾಲಾಡಿಬಿಟ್ಟರು." ನಾನು ಕ್ಷಮೆ ಕೇಳಿ, ಬರುವ ಶನಿವಾರ ಹತ್ತು ಗಂಟೆಗೆ ಫೋನ್ ಮಾಡುವಂತೆ ಬೇಡಿಕೊಂಡೆ. ಅಷ್ಟರಲ್ಲಿ ಮುಗಿಯದಿದ್ದರೆ ಅರ್ಜಿ ರದ್ದು ಎಂದ.

ಇಳಿಯುವ ಬಸ್ಸಿನಲ್ಲಿ ಸಿಟ್ಟು ನೆತ್ತಿಗೇರಿತ್ತು. ಊರಿಗೆಲ್ಲ ಎಲ್ಲರ ಸುದ್ದಿ ಹೇಳುವ ಹೆಂಗಸು, ನನ್ನನ್ನು ಮಾತ್ರ ಇಲ್ಲವೇ ಇಲ್ಲ ಅನ್ನಬೇಕೆ? ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿ ನೇರವಾಗಿ ಕೇಳಿಯೇಬಿಟ್ಟೆ.

ಅತ್ತೆ ಎಲೆಗೆ ನೀರು ಚಿಮುಕಿಸುತ್ತಿದ್ದವರು ನಿಲ್ಲಿಸಲಿಲ್ಲ. "ಹೂ ಕಣವ್ವ, ನಾನೇ ಅಂದೆ. ಯಾವನೋ ಫೋನ್ ಮಾಡಿ ನಿನ್ ಸಂಬಳ ಎಷ್ಟು, ಮಾವನಲ್ಲದಲ್ಲಿ ಯಾವ ಮನೆ ತಕ್ಕತಾವ್ರೆ ಅಂತ ಕೇಳ್ದ. ಇಲ್ಲಿ ನೋಡುದ್ರೆ ಮೂರ್ ಜನ ಜೀಪ್ನೋರು ಸೋಡಾ ಕುಡೀತಾ ಕಿವಿ ನೆಟ್ಟಗೆ ಮಾಡ್ಕಂಡು ನಿಂತವ್ರೆ. ಬ್ರೋಕರ್ ನನ್ಮಗನೇ ಇರ್ಬೇಕು ಅನ್ಕಂಡೆ. ಇಲ್ಲ ಅಂದ್ರೆ ಮುಗೀತಲ್ಲ."

"ಮನೆ ವಿಷ್ಯ ನಿಮ್ಗೆ ಗೊತ್ತಾ?"

"ಆ ಅಜ್ಜಿ ನಿಂಗೆ ಹೇಳೋಕೆ ಮುಂಚೇನೇ ಎಲೆ ತಕ್ಕಳಕೆ ಬಂದು ನಂಗೆ ಹೇಳಿತ್ತು. ನಿನ್ ಹಲ್ಲುನೋವು ಯಾವ್ದು ಅಂತಾನೂ ಗೊತ್ತು."

ಒಂದು ತಿಂಗಳು! ನಾನು ಯಾರ ಬಾಯಿಗೆ ಹೆದರಿ ಘಾಟಿ ಹತ್ತಿಳಿದೆನೋ, ಆ ಬಾಯಿಯೇ ನನ್ನ ಮನೆಯನ್ನು ಕಾದಿತ್ತು. ಕೆಡುಕೆನಿಸಿತು, ನಾಚಿಕೆಯಾಯಿತು. ಅತ್ತೆ ಮಾತ್ರ, "ಬಾಯಿ ಅದೆ ಅಂತ ಎಲ್ಲಾನೂ ಉಗೀತಾರಾ? ಹೋಗು, ಕಾಫಿ ಕಾಸು" ಎಂದರು. ಕಾಫಿ ಕುಡಿಯುತ್ತಾ ಅವರಿಗೆ ಪಾಸ್‌ವರ್ಡ್ ಒಂದು ಬಿಟ್ಟು ಎಲ್ಲವನ್ನೂ ಹೇಳಿದೆ, ಝೆರಾಕ್ಸ್ ಮೇಲೆ ಬರೆದದ್ದನ್ನೂ.

ಶನಿವಾರ ಹತ್ತಕ್ಕೆ ಸರಿಯಾಗಿ ಫೋನ್ ಬಂತು. ನಾನು ಕೈ ಚಾಚುವಷ್ಟರಲ್ಲಿ ಅತ್ತೆ ಎತ್ತಿಕೊಂಡು ತಮ್ಮ ಅಂಗಡಿ ತಮಿಳಿನಲ್ಲಿ ಶುರು ಮಾಡಿದರು. "ನೀನು ಸಾಲದ ಕಂಪನಿಯವನೇ ಅಂತ ನಾನು ಹೆಂಗಪ್ಪ ನಂಬೋದು? ನಮ್ಮ ಹುಡುಗಿ ಕಳಿಸಿದ ಕಾಗದದ ಮೇಲೆ ಅಡ್ಡಡ್ಡ ಏನು ಬರೆದಿದ್ದಾಳೆ, ಓದು." ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆ ಕಡೆ ಕಾಗದ ಸರಿದಾಡಿದ ಸದ್ದು. ಅವನು ತಮಿಳಿನ ಸಾಲನ್ನು ಓದಿದ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಸರಿ, ಇದ್ದಾಳೆ ನಮ್ಮ ಟೀಚರ್, ಮಾತಾಡು" ಎಂದು ಫೋನನ್ನು ನನ್ನ ಕೈಗಿತ್ತರು. ಅವನು ಬಿದ್ದು ಬಿದ್ದು ನಗುತ್ತಿದ್ದ. ಹತ್ತು ನಿಮಿಷದಲ್ಲಿ ವಿಚಾರಣೆ ಮುಗಿಯಿತು.

ಸಾಲ ಮಂಜೂರಾಗಿ ಕಾಗದ ಆಗುವುದಕ್ಕೆ ಇನ್ನೂ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ಅತ್ತೆ ಅಂಗಡಿಯಲ್ಲಿ ಕೂತು ಊರ ಸುದ್ದಿಯನ್ನೆಲ್ಲ ಹೇಳಿದರು, ನಮ್ಮದೊಂದನ್ನು ಬಿಟ್ಟು. ಎಷ್ಟೋ ಸಲ ಮಾತು ತುಟಿಯ ತನಕ ಬಂದು, ಅವರು ಗಬಕ್ಕನೆ ಅಡಿಕೆ ಬಾಯಿಗೆ ಹಾಕಿಕೊಳ್ಳುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ.

ನೋಂದಣಿಯ ದಿನ ಅವರೂ ನಮ್ಮ ಜೊತೆ ಬಂದರು. ಸಹಿ, ಹೆಬ್ಬೆಟ್ಟು ಎಲ್ಲ ಮುಗಿದು ಕಚೇರಿಯ ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದು ನಿಲ್ಲಿಸಿದರು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದರು:

"ಇನ್ ಹೇಳ್ಬೋದಾ?"

ಹೂಂ ಎಂದು ತಲೆಯಾಡಿಸಿದೆ. ಅತ್ತೆ ಸೆರಗು ಸರಿ ಮಾಡಿಕೊಂಡು, ಮೆಟ್ಟಿಲ ಕೆಳಗೆ ಮಲ್ಲಿಗೆ ಮಾರುತ್ತಿದ್ದ, ಕಂಡು ಕೇಳಿಲ್ಲದ ಹೆಂಗಸಿನ ಮುಂದೆ ಹೋಗಿ ನಿಂತರು. ಬೀದಿಗೆಲ್ಲ ಕೇಳುವ ಹಾಗೆ, ನನ್ನ ಸೊಸೆ ಮನೆ ತಗೊಂಡವ್ಳೆ, ಅವಳ ಹೆಸರಿಗೇ, ಎಂದರು.