ಬಸ್‌ಸ್ಟಾಪಿನ ಪಾದೆಯ ಮೇಲೆ ಊಟ

ಬೇಸಿಗೆ ರಜೆ ಎಂಬುದು ಊರಿಗೆಲ್ಲ ರಜೆ, ನನಗಲ್ಲ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ನಾನು ಫಿಸಿಕ್ಸ್ ಟೀಚರು. ಏಪ್ರಿಲ್ ಬಂತೆಂದರೆ ಸಿಇಟಿ, ನೀಟ್ ಎಂದು ಬೀದರ್, ಬಳ್ಳಾರಿಗಳಿಂದ ಬಂದ ಮಕ್ಕಳಿಗೆ ಬೆಳಗಿನಿಂದ ಸಂಜೆಯವರೆಗೆ ಕೋಚಿಂಗ್. ಅದೇ ಹೊತ್ತಿನಲ್ಲಿ ಸಿದ್ಧಕಟ್ಟೆ ಹತ್ತಿರದ ನಮ್ಮ ಮನೆಯಲ್ಲಿ ನನ್ನ ಸ್ವಂತ ಮಕ್ಕಳಿಬ್ಬರು ಹೇಳುವವರು ಕೇಳುವವರಿಲ್ಲದೆ ಗೇರುಮರ ಹತ್ತಿ ಕುಳಿತಿರುತ್ತಾರೆ.

ಹಾಗಾಗಿ ಕಳೆದ ವರ್ಷ ರಜೆಯ ಮೊದಲ ಭಾನುವಾರ ನೀರುದೋಸೆಯ ಮುಂದೆ ಇಬ್ಬರನ್ನೂ ಕೂರಿಸಿ ಮೀಟಿಂಗ್ ಮಾಡಿದೆ. ಬೆಳಿಗ್ಗೆ ಈಜು, ಆಮೇಲೆ ಚಿತ್ರಕಲೆ, ವಾರಕ್ಕೆರಡು ದಿನ ಮೆಲ್ಕಾರಿನಲ್ಲಿ ಕರಾಟೆ, ಮಧ್ಯೆ ಉಳಿದ ಹೊತ್ತಿಗೆ ಅಬಾಕಸ್. ನನ್ನ ಯೋಜನೆ ಎಷ್ಟು ಚೆನ್ನಾಗಿತ್ತೆಂದರೆ ಅದರಲ್ಲಿ ರಜೆಗೇ ಜಾಗವಿರಲಿಲ್ಲ. ಮಕ್ಕಳು ಬಾಯಿ ಮುಚ್ಚಿಕೊಂಡು ಕೇಳಿದರು. ಅಲ್ಲಿಯೇ ನಾನು ಹೆದರಬೇಕಿತ್ತು.

"ಮುಗಿಯಿತಾ ಅಮ್ಮ?" ಎಂದಳು ಏಳನೆಯ ಕ್ಲಾಸಿನ ಮಗಳು. "ಇದೆಲ್ಲ ಬೇಡ. ನಮ್ಮದು ಒಂದೇ ಉಂಟು. ರಜೆ ಮುಗಿಯುವವರೆಗೆ ಸಂಜೆ ನೀನು ನಮ್ಮೊಟ್ಟಿಗೆ ಊಟ ಮಾಡಬೇಕು."

"ಅಷ್ಟೇ. ಕರಾಟೆ ಫೀಸೂ ಉಳೀತದೆ" ಎಂದ ಎರಡನೆಯ ಕ್ಲಾಸು ಮುಗಿಸಿದ ಮಗ.

ಕೇಳಲು ಬಲು ಸುಲಭ. ಆದರೆ ನಮ್ಮದು ಜೈನರ ಮನೆ, ಹೊತ್ತು ಕಂತಿದ ಮೇಲೆ ಊಟವಿಲ್ಲ. ಅತ್ತೆ ಆಮೇಲೆ ಒಂದು ತೊಟ್ಟು ನೀರನ್ನೂ ಮುಟ್ಟುವುದಿಲ್ಲ. ಮಕ್ಕಳು ಅವರ ಜೊತೆಗೆ ಬೇಗ ಉಣ್ಣುತ್ತಾರೆ. ಗಂಡನಿಗೆ ಬೆಳ್ತಂಗಡಿಯಲ್ಲಿ ಅಂಗಡಿ, ಊಟ ಅಲ್ಲಿಯೇ. ನಾನು ಮನೆ ಸೇರುವಾಗ ಅಡುಗೆಮನೆ ತೊಳೆದಾಗಿರುತ್ತದೆ. "ದುಡಿಯುವವರಿಗೆ ದೋಷ ಇಲ್ಲ" ಎಂದು ಅತ್ತೆಯೇ ನನಗೆ ವಿನಾಯಿತಿ ಕೊಟ್ಟಿದ್ದರು. ಹೆಚ್ಚಿನ ಸಂಜೆ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಗೋಳಿಬಜೆ ತಿಂದು ಬಂದು, ಮುಚ್ಚಿಟ್ಟ ಅನ್ನವನ್ನು ಒಬ್ಬಳೇ ಉಣ್ಣುತ್ತಿದ್ದೆ. ವಿನಾಯಿತಿಯ ಊಟಕ್ಕೆ ರುಚಿ ಸ್ವಲ್ಪ ಕಡಿಮೆ.

ಇನ್ನೊಂದು ತೊಡಕು ಇತ್ತು. ಅತ್ತೆಯ ಸೂರ್ಯ ಪಂಚಾಂಗದ ಸೂರ್ಯನಲ್ಲ. ನಮ್ಮ ಮನೆ ಇರುವುದು ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ. ಪಡುವಣ ಗುಡ್ಡೆಯ ಹಿಂದೆ ಬಿಸಿಲು ಸರಿಯಿತೋ, ಅವರ ಲೆಕ್ಕದಲ್ಲಿ ಹೊತ್ತು ಕಂತಿತು. ಸೂರ್ಯಾಸ್ತಕ್ಕೆ ಇನ್ನೂ ಸಮಯವಿದೆ ಎಂದು ನಾನೊಮ್ಮೆ ಕ್ಯಾಲೆಂಡರ್ ತೋರಿಸಿದ್ದಕ್ಕೆ, "ಅದು ಕಾಗದದ ಸೂರ್ಯ. ನನಗೆ ಕಣ್ಣಿಗೆ ಕಂಡರೆ ಉಂಟು, ಕಾಣದಿದ್ದರೆ ಇಲ್ಲ" ಎಂದಿದ್ದರು. ಫಿಸಿಕ್ಸ್ ಕಲಿತವಳು ಅವರ ಮುಂದೆ ಸುಮ್ಮನಿರುವುದೇ ಒಳ್ಳೆಯದು.

"ಒಂದು ದಿನ ನೋಡುವ" ಎಂದು ಮಕ್ಕಳಿಗೆ ಮಾತು ಕೊಟ್ಟೆ. ಮರುದಿನ ಪಾಠ ಬೇಗ ಬಿಟ್ಟೆ. ಬೀದರಿನ ಮಕ್ಕಳಿಗೂ ಖುಷಿಯಾಯಿತು. ಬಸ್ಸು ಮೂಡಣ ಗುಡ್ಡೆಯ ಮೇಲೆ ನನ್ನನ್ನು ಇಳಿಸಿದಾಗ ಮೈಮೇಲೆ ಒಳ್ಳೆಯ ಬಿಸಿಲಿತ್ತು. ಚಪ್ಪಲಿ ಕೈಗೆ ತೆಗೆದುಕೊಂಡು, ಸೀರೆ ಎತ್ತಿ ಕಟ್ಟಿ, ಮುರಕಲ್ಲಿನ ಮೆಟ್ಟಿಲುಗಳಲ್ಲಿ ಓಡಿದೆ. ಕೆಳಗೆ ಮುಟ್ಟುವಾಗ ಅಂಗಳದಲ್ಲಿ ಬಿಸಿಲಿರಲಿಲ್ಲ. ಅತ್ತೆ ಊಟ ಮುಗಿಸಿ ಬಾಯಿ ಮುಕ್ಕಳಿಸಿಯಾಗಿತ್ತು. ಮಕ್ಕಳು ಮಾತ್ರ ಖಾಲಿ ಬಟ್ಟಲು ಮುಂದಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಅಮ್ಮ ಬಾರದೆ ಉಣ್ಣುವುದಿಲ್ಲವಂತೆ. ಈಗ ಹೊತ್ತು ಕಂತಿದೆ, ಅಜ್ಜಿಯ ಹಾಗೆ ತಾವೂ ಉಣ್ಣುವುದಿಲ್ಲವಂತೆ.

"ಮಕ್ಕಳನ್ನು ಉಪವಾಸ ಹಾಕಿದೆಯಲ್ಲ ಮಾರಾಯ್ತಿ!" ಎಂದು ಅತ್ತೆ ನನ್ನ ಮೇಲೆ ಹರಿಹಾಯ್ದರು. ಬೈಯುತ್ತಲೇ ತೊಳೆದಿಟ್ಟ ಒಲೆ ಹೊತ್ತಿಸಿ ಹಾಲು ಕಾಯಿಸಿ, ಗದರಿಸಿ ಕುಡಿಸಿದರು. ಒಂದು ಊಟ ಒಟ್ಟಿಗೆ ಮಾಡಲಾಗದ ತಾಯಿ ಈಜು, ಕರಾಟೆ ಎಂದು ಎಷ್ಟು ಹಾರಾಡಿದರೇನು?

ಹಾಲಿನ ಮೀಸೆ ಒರೆಸಿಕೊಳ್ಳುತ್ತಾ ಮಗ ಕೇಳಿದ: "ಅಮ್ಮ, ನೀನು ಬಸ್ಸಿಂದ ಇಳಿಯುವಾಗ ನಾನು ಅಂಗಳದಿಂದ ನೋಡಿದೆ. ಇಲ್ಲಿ ನೆರಳು, ನಿನ್ನ ಮೇಲೆ ಮಾತ್ರ ಬಿಸಿಲು. ಅಲ್ಲಿ ಹೊತ್ತು ಕಂತಲಿಲ್ವಾ?"

ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು.

ಮರುದಿನ ಸಂಜೆಯೂ ಪಾಠ ಬೇಗ ಬಿಟ್ಟು ಅದೇ ಬಸ್ಸಿನಿಂದ ಇಳಿದರೆ, ಸ್ಟಾಪಿನ ಪಕ್ಕದ ಪಾದೆಯ ಮೇಲೆ, ಆ ದೊಡ್ಡ ಕಪ್ಪು ಬಂಡೆಯ ಮೇಲೆ, ಇಬ್ಬರೂ ಟಿಫಿನ್ ಕ್ಯಾರಿಯರ್ ಬಿಚ್ಚಿ ಕೂತಿದ್ದಾರೆ. ಕುಚ್ಚಲಕ್ಕಿ ಅನ್ನ, ಎಳೆ ಹಲಸಿನ ಗುಜ್ಜೆ ಪಲ್ಯ. ಬಂಡೆ ಇನ್ನೂ ಬಿಸಿಯಿತ್ತು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ ನೋಡಿದರು. "ಏನು ಟೀಚರೇ, ಮನೆಯಿಂದ ಹೊರಗೆ ಹಾಕಿದ್ರಾ?" ಎಂದ ಕಂಡಕ್ಟರ್. ನಾನು ಚಪ್ಪಲಿ ಬಿಚ್ಚಿ ಬಂಡೆ ಹತ್ತಿ ಅನ್ನಕ್ಕೆ ಕೈ ಹಾಕಿದೆ.

ಆದರೆ ಮೂರನೆಯ ತುತ್ತಿಗೆ ನೆನಪಾಯಿತು: ಕೆಳಗೆ ಅತ್ತೆ ಒಬ್ಬರೇ ಉಂಡು ಮುಗಿಸಿರಬೇಕು. ನನ್ನ ಒಂಟಿ ಊಟವನ್ನು ಅವರ ಬಟ್ಟಲಿಗೆ ಬಡಿಸಿ ಬಂದ ಹಾಗಾಯಿತಲ್ಲ.

"ಅಜ್ಜಿಯನ್ನು ಕರೀಲಿಲ್ವಾ?"

"ಕರೆದೆ. ಬೀದಿಯಲ್ಲಿ ಕೂತು ಉಣ್ಣಲಿಕ್ಕೆ ನಾನೇನು ಬಸ್ಸು ತಪ್ಪಿದವಳಾ ಅಂತ ಕೇಳಿದ್ರು" ಎಂದಳು ಮಗಳು. ಅವಳ ಮುಖದಲ್ಲಿ ಚಿಂತೆಯ ಸುಳಿವೇ ಇರಲಿಲ್ಲ. "ನಾಳೆ ಬರ್ತಾರೆ. ನೋಡು."

ಮರುದಿನ ಮಕ್ಕಳು ಕಾಟುಮಾವಿನಹಣ್ಣಿನ ಗೊಜ್ಜನ್ನು ಮನೆಯಲ್ಲಿ "ಮರೆತು" ಬಂದರು. ನಾವು ಕೂರುವಷ್ಟರಲ್ಲಿ ಅತ್ತೆ ಮೆಟ್ಟಿಲು ಹತ್ತಿ ಬರುವುದು ಕಂಡಿತು, ಕೈಯಲ್ಲಿ ತಪಲೆ, ಬಾಯಲ್ಲಿ ಬೈಗುಳ. ಗೊಜ್ಜಿಲ್ಲದೆ ಪುಳ್ಳಿಗಳು, ತನ್ನ ಮೊಮ್ಮಕ್ಕಳು, ಹೇಗೆ ಉಣ್ಣುವುದು? ಏದುಸಿರು ಬಿಡುತ್ತಾ ಅವರು ಕೂತದ್ದೇ ತಡ, ಮಗ ಅವರ ಮುಂದೆ ಬಟ್ಟಲಿಟ್ಟ. ನಾಲ್ಕನೆಯ ಬಟ್ಟಲು ಮಾತ್ರ ಮರೆತಿರಲಿಲ್ಲ. ಅತ್ತೆ ಸೂರ್ಯನನ್ನು ನೋಡಿದರು, ಬಟ್ಟಲನ್ನು ನೋಡಿದರು. "ಕಾಲು ನೋಯ್ತದೆ, ಈಗ ಇಳಿಯಲಿಕ್ಕೆ ಆಗುದಿಲ್ಲ" ಎಂದು ಊಟಕ್ಕೆ ಕೈ ಹಾಕಿದರು.

ಅದರ ಮರುದಿನ ಮಜ್ಜಿಗೆ ಮರೆಯಿತು. ಆಮೇಲೆ ಉಪ್ಪು. ಕೊನೆಗೊಂದು ಸಂಜೆ ನಾನು ಬಸ್ಸಿಳಿಯುವಾಗ ಅತ್ತೆ ಎಲ್ಲರಿಗಿಂತ ಮೊದಲೇ ಪಾದೆಯ ಮೇಲಿದ್ದರು. "ಇವತ್ತು ಏನು ಮರೆತಿದ್ದಾರೆ ಅಂತ ಹುಡುಕಿ ಹುಡುಕಿ ಸಾಕಾಯಿತು. ಅದಕ್ಕೆ ನಾನೇ ಬಂದೆ" ಎಂದರು. ಮಗಳು ತಲೆ ತಗ್ಗಿಸಿ ಅನ್ನ ಕಲಸಿದಳು. ಅಜ್ಜಿಗೆ ತಿಳಿಯದ ಕಳ್ಳಾಟ ನಮ್ಮ ಮನೆಯಲ್ಲಿಲ್ಲ.

ಹೀಗೆ ನಮ್ಮ ಬೇಸಿಗೆ ಶಿಬಿರ ನಡೆಯಿತು. ಈಜು ಕಲಿಯಲಿಲ್ಲ, ಅಬಾಕಸ್ ಮಣಿಯನ್ನು ಯಾರೂ ಮುಟ್ಟಲಿಲ್ಲ. ಬಂಟ್ವಾಳದ ಕಡೆಗೆ ಹೋಗುವ ಬಸ್ಸುಗಳ ಹಾರ್ನ್ ಕೇಳಿಯೇ ಯಾವ ಬಸ್ಸೆಂದು ಹೇಳುವುದನ್ನು ಅತ್ತೆಯೂ ಮೊಮ್ಮಗನೂ ಕಲಿತರು.

ಕೋಚಿಂಗಿನ ಕೊನೆಯ ದಿನ ಬಸ್ಸು ದಾರಿಯಲ್ಲಿ ಕೆಟ್ಟಿತು. ಇನ್ನೊಂದು ಬಸ್ಸು ಹಿಡಿದು ಬರುವಾಗ ಪಡುವಣದಲ್ಲಿ ಮಳೆಮೋಡ ಗೋಡೆಯಂತೆ ಎದ್ದಿತ್ತು. ಸೂರ್ಯನ ಸುಳಿವಿಲ್ಲ. ಎಲ್ಲರದ್ದೂ ಊಟವಾಗಿರಬಹುದು, ನನ್ನ ಪಾಲು ಮುಚ್ಚಿಟ್ಟಿರಬಹುದು ಎಂದುಕೊಂಡು ಇಳಿದೆ. ಪಾದೆಯ ಮೇಲೆ ಮೂವರೂ ಕೂತಿದ್ದರು, ನಾಲ್ಕು ಬಟ್ಟಲೂ ಇನ್ನೂ ಬಡಿಸದೆ ಖಾಲಿ.

"ಅತ್ತೆ, ನೀವಾದರೂ ಉಣ್ಣಬಾರದಿತ್ತಾ? ಹೊತ್ತು ಕಂತಿತಲ್ಲ!" ಎಂದೆ. ಇನ್ನು ನಾಳೆ ಬೆಳಗಿನವರೆಗೆ ಅವರಿಗೆ ನೀರೂ ಇಲ್ಲ.

ಅತ್ತೆ ಕೈ ಅಡ್ಡ ಹಿಡಿದು ಆ ಕರಿಮೋಡವನ್ನು ಬಹಳ ಹೊತ್ತು ನೋಡಿದರು.

"ಯಾರು ಹೇಳಿದ್ದು ಕಂತಿತು ಅಂತ? ಮೋಡದ ಹಿಂದೆ ಉಂಟು" ಎಂದರು. "ಬಡಿಸು."

ನನ್ನ ಕೈಯಲ್ಲಿ ವಾಚಿತ್ತು. ಸೆರಗಿನಿಂದ ಅದನ್ನು ಮುಚ್ಚಿಕೊಂಡು ನಾನು ಬಡಿಸಿದೆ.