ಹೊಟ್ಟೆಯ ಮೇಲೆ ಅಯೋಡಿನ್ ಗುರುತು

ಬೆಳಗಿನ ಐದು ಗಂಟೆ. ಹನ್ನೊಂದನೇ ಮಂಚದ ಹೆಂಗಸು ಹೊಟ್ಟೆನೋವೆಂದು ಮುದುಡಿದ್ದಾಳೆ. ವಾರ್ಡಿನ ಆಯಾ ಸವರಿಯಮ್ಮ ಬೆಡ್‌ಪ್ಯಾನ್ ಬದಿಗಿಟ್ಟು, ಕೈ ತೊಳೆದು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. "ತಣ್ಣನೆ ಕೈ ಇಟ್ರೆ ಹೊಟ್ಟೆ ಬಿಗಿ ಮಾಡ್ಕೊಂಬುಡ್ತಾರೆ. ಆಮೇಲೆ ಏನೂ ತಿಳಿಯಲ್ಲ" ಎನ್ನುತ್ತಾರೆ.

ಗಂಡ ಪ್ಲೇಗಿಗೆ ಬಲಿಯಾದ ಮೇಲೆ ಮೈಸೂರಿನ ಈ ಆಸ್ಪತ್ರೆಗೆ ಸೇರಿದವರು. ಈಗ ಹದಿನೆಂಟು ವರ್ಷ. ಇಪ್ಪತ್ತಾರು ಮಂಚ, ದಿನಕ್ಕೆ ಅರವತ್ತು ಬೆಡ್‌ಪ್ಯಾನ್. ಭಾನುವಾರ ಚರ್ಚಿನಲ್ಲಿ ಅಕ್ಕಪಕ್ಕದವರು ತುಸು ಸರಿದೇ ಕೂರುತ್ತಾರಂತೆ. "ಫಿನಾಯಿಲ್ ವಾಸನೆ ಕಣ್ರೀ. ಎಷ್ಟು ತಿಕ್ಕಿದ್ರೂ ಹೋಗಲ್ಲ." ಹೇಳುವಾಗ ಬೇಸರವೇನೂ ಕಾಣುವುದಿಲ್ಲ.

ಹೋದ ವರ್ಷ ಇಲವಾಲದ ದೇವಿರಮ್ಮ ಇದೇ ವಾರ್ಡಿನಲ್ಲಿದ್ದಳು. ನಸುಕಿನಲ್ಲಿ ಹೊಟ್ಟೆ ಹಿಡಿದು ಹೊರಳಾಡುವವಳು, ಒಂಬತ್ತಕ್ಕೆ ಡಾಕ್ಟರು ಬರುವಷ್ಟರಲ್ಲಿ ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಡಾಕ್ಟರು ಒತ್ತಿ ನೋಡಿದರೆ ಹೊಟ್ಟೆ ಮೆತ್ತಗೆ. ಎಕ್ಸ್‌ರೇಯಲ್ಲೂ ಏನೂ ಕಂಡಿರಲಿಲ್ಲ. ಮನೆಗೆಲಸ ತಪ್ಪಿಸಿಕೊಳ್ಳಲು ಕಳ್ಳಾಟ ಎಂದು ನಿರ್ಧಾರವಾಗಿ, ಮಾರನೆಯ ದಿನ ಮನೆಗೆ ಕಳಿಸುವುದೆಂದು ಬರೆದಾಯಿತು.

ಮನೆಗೆ ಕಳಿಸಬೇಕಿದ್ದ ದಿನ ನಸುಕಿನಲ್ಲಿ ಬೆಡ್‌ಪ್ಯಾನ್ ತೆಗೆದ ಸವರಿಯಮ್ಮ ಅದನ್ನು ದೀಪದ ಕೆಳಗೆ ಹಿಡಿದು ನೋಡಿದರು: ಮಲ ಟಾರಿನ ಹಾಗೆ ಕಪ್ಪಾಗಿತ್ತು. ದೇವಿರಮ್ಮ ನರಳುತ್ತಲೇ ಇದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟರೆ ಹೊಕ್ಕುಳ ಬಲಕ್ಕೆ ಉದ್ದನೆಯ ಗಂಟು. ಸಿಸ್ಟರನ್ನು ಕರೆತರುವಷ್ಟರಲ್ಲಿ ಅದು ಮಾಯ. ಆದರೆ ಅಷ್ಟರೊಳಗೆ ಸವರಿಯಮ್ಮ ಗಂಟಿನ ಸುತ್ತ ಅಯೋಡಿನ್ ಬಳಿದಾಗಿತ್ತು.

"ರೋಗಿ ಮೈಮೇಲೆ ಗೀಚೋಕೆ ನೀನ್ಯಾರಮ್ಮ?" ಎಂದು ಡಾಕ್ಟರು ಗದರಿದರು. ಆದರೂ ಕಪ್ಪು ಮಲದ ಸುದ್ದಿ ಕೇಳಿ, ಒಳಗೆಲ್ಲೋ ರಕ್ತ ಸೋರುತ್ತಿರಬಹುದೆಂದು ಎರಡು ದಿನ ಉಳಿಸಿಕೊಂಡರು. ಮಾರನೆಯ ನಸುಕಿನಲ್ಲಿ ಎರಡು ಬೆರಳು ಕೆಳಗೆ ಇನ್ನೊಂದು ಗುರುತು ಬಿತ್ತು. ಮೂರನೆಯ ದಿನ ಡಾಕ್ಟರೇ ಐದು ಗಂಟೆಗೆ ಬಂದು ಕಾದರು. ಗಂಟು ಅವರ ಕೈಗೂ ಸಿಕ್ಕಿತು.

ಆಪರೇಷನ್ ಮಾಡಿದಾಗ ಸಣ್ಣ ಕರುಳಿನೊಳಗೆ ನಿಂಬೆಕಾಯಿ ಗಾತ್ರದ ಕೊಬ್ಬಿನ ಗಡ್ಡೆ ಸಿಕ್ಕಿತು. ಹರಡುವ ಜಾತಿಯದ್ದಲ್ಲ. ಆದರೆ ಆಗಾಗ ಕರುಳನ್ನು ಕರುಳಿನೊಳಕ್ಕೇ ಎಳೆದುಕೊಂಡು, ತಾನಾಗಿ ಸಡಿಲಾಗುತ್ತಿತ್ತು. ಸಡಿಲಾದರೆ ನೋವೂ ಇಲ್ಲ, ಗಂಟೂ ಇಲ್ಲ. ಒಂದು ಸಲ ಸಡಿಲಾಗದೇ ಹೋಗಿದ್ದರೆ ದೇವಿರಮ್ಮ ಉಳಿಯುತ್ತಿರಲಿಲ್ಲ.

ಈಗ ಆಕೆ ಗಟ್ಟಿಮುಟ್ಟಾಗಿದ್ದಾಳೆ. ಪೇಟೆಗೆ ಬಂದಾಗಲೆಲ್ಲ ಸವರಿಯಮ್ಮನಿಗೆ ಅವರೆಕಾಯಿ ತಂದುಕೊಟ್ಟು, "ಅಕ್ಕಾ, ನೀವೊಬ್ರೇ ನನ್ನ ನಂಬಿದ್ದು" ಎನ್ನುತ್ತಾಳೆ.

ಇದನ್ನು ಹೇಳುವಾಗ ಮಾತ್ರ ಸವರಿಯಮ್ಮ ತಲೆ ಎತ್ತುವುದಿಲ್ಲ. "ಕಳ್ಳಾಟ ಅಂತ ಮೊದ್ಲು ಸಿಸ್ಟರಿಗೆ ಹೇಳಿದ್ದೇ ನಾನು, ಸ್ವಾಮಿ. ಅವರು ಡಾಕ್ಟರಿಗೆ ಹೇಳಿದ್ರು. ದೇವಿರಮ್ಮನ ಎದುರಿಗೆ ಹೇಳೋಕೆ ನಂಗೆ ಬಾಯಿ ಬರ್ತಿಲ್ಲ. ಗುರುತು ಹಾಕಿದ್ದು ಬರೀದಿದ್ರೂ ಚಿಂತೆಯಿಲ್ಲ, ನಿಮ್ಮ ಪೇಪರಿನಲ್ಲಿ ಇದೊಂದು ಬರೀರಿ. ಅವಳ ಗಂಡನಿಗೆ ಓದೋಕೆ ಬರುತ್ತೆ."