ಸಡಿಲ ಹಿಡಿತದ ವಿಜ್ಞಾನಿಯಮ್ಮ

ಮಹಡಿಮನೆಯ ವಿಜ್ಞಾನಿಯಮ್ಮನನ್ನು ಕೆಳಗಿನ ಬಟ್ಟೆಯಂಗಡಿಯ ಯಜಮಾನರು ಮೊದಲ ನೋಟಕ್ಕೇ ಅಳೆದಿದ್ದರು: ಗಟ್ಟಿ ನೇಯ್ಗೆ, ಬಣ್ಣ ಬಿಡದ ಮಾಲು, ಚೌಕಾಸಿಗೆ ಬಗ್ಗದ ಕುತ್ತಿಗೆ. ಕರವಸ್ತ್ರ ಕೊಂಡರೂ ಅಂಚು ಅಳೆಯುವ ಹೆಂಗಸು. ಯಾರಾದರೂ "ಸುಮಾರು" ಎಂದರೆ ಹರಿಹಾಯುತ್ತಾಳೆ. ಮಾತೆಲ್ಲ ಮಿದುಳಿನ ರಕ್ತನಾಳದ ಗೋಡೆಯದೇ. "ಮರೆವಿನ ರೋಗಕ್ಕೆ ಮಾಡಿದ ಪ್ರತಿಕಾಯ ಅನ್ನೋ ಔಷಧೀನ ಆ ಗೋಡೆ ಒಳಗೇ ಬಿಡಲ್ಲ ಯಜಮಾನ್ರೇ! ಅದಕ್ಕೇ ಮಿದುಳಿಗೆ ಕಬ್ಬಿಣದಂಶ ದಾಟಿಸೋಕೆ ಗೋಡೇಲೇ ಇರೋ ಕೊಂಡಿಗೆ ತಗುಲಿಹಾಕಿ ಕಳಿಸ್ತೀವಿ. ಔಷಧಿ ಆ ಕೊಂಡೀನ ಬಿಗಿಯಾಗಿ ಹಿಡಿದ್ರೆ ಗೋಡೇಲೇ ಸಿಕ್ಕಿಕೊಳ್ಳತ್ತೆ. ಸಡಿಲ ಹಿಡಿದದ್ದೇ ಒಳಗೆ ಸೇರೋದು!" ಬಿಗಿ ಹಿಡಿದೇ ವ್ಯಾಪಾರ ಬೆಳೆಸಿದ ಯಜಮಾನರು ಬೆಚ್ಚಿದರು. ಮರೆವು ಬಡಿದ ಹೆಂಡತಿಯನ್ನೂ ಅವರು ದಿನವೂ "ನಾನ್ಯಾರು ಹೇಳು, ಹೇಳು" ಎಂದು ಪಟ್ಟು ಹಿಡಿದು ಕೇಳುತ್ತಿದ್ದರು; ಆಕೆ ಊಟದ ತಟ್ಟೆ ತಳ್ಳಿ ಗೋಡೆಗೆ ಮುಖ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಒಳಮನೆಗೆ ಬಂದ ವಿಜ್ಞಾನಿಯಮ್ಮನನ್ನು ಹೆಂಡತಿ ಎಂದೋ ತೀರಿಕೊಂಡ ತನ್ನ ತಂಗಿಯೆಂದುಕೊಂಡು, "ಬಂದ್ಯೇನೇ?" ಎಂದಳು. ಕೂದಲೆಳೆಯಷ್ಟು ತಪ್ಪನ್ನೂ ಸಹಿಸದ ಹೆಂಗಸು ಕಣ್ಣು ಮಿಟುಕಿಸದೆ, "ಬಂದೆ ಅಕ್ಕಾ, ಹೊಟ್ಟೆ ಹಸೀತಿದೆ, ಊಟಕ್ಕೆ ಕೂರೋಣ" ಎಂದುಬಿಟ್ಟಳು! ಯಜಮಾನರ ಕೈಯ ಗಜಕೋಲು ಜಾರಿ ಬಿತ್ತು. ಹೆಂಡತಿ ಹೊಟ್ಟೆ ತುಂಬ ಉಂಡಳು, ನಕ್ಕಳು ಕೂಡ. ಅಂದಿನಿಂದ ಯಜಮಾನರು "ನಾನ್ಯಾರು" ಎಂದು ಕೇಳಿಲ್ಲ. ಆ ಪ್ರಶ್ನೆ ಬಿಡಲು ಕಲಿಸಿದ್ದಕ್ಕೆ ಅವರು ಮಹಡಿಮನೆಯಾಕೆಗೆ ಋಣಿ.